ತಪ್ಪುಹೆಜ್ಜೆಗೆ ಕಜ್ಜಾಯ

ಮಗಳು ಮೊದಲ ಸಲ ಬೋರಲು ಬಿದ್ದಾಗ ಸ್ಟುಟ್‌ಗಾರ್ಟಿನ ಮನೆಯಲ್ಲಿ ನಾನೂ ಅವಳೂ ಇಬ್ಬರೇ ಇದ್ದೆವು. ಅಂಗಾತ ಮಲಗಿದ್ದವಳು ಎಡಗಾಲನ್ನು ಬಲಕ್ಕೆ ಎಸೆದಳು, ಸೊಂಟ ತಿರುಗಿತು, ಎದೆಯಡಿ ಸಿಕ್ಕಿಕೊಂಡ ಒಂದು ಕೈ ಮಾತ್ರ ಈಚೆಗೆ ಬರಲೊಲ್ಲದು. ಮುಖ ಕೆಂಪಾಗುವಷ್ಟು ತಿಣುಕಿ ಅದನ್ನೂ ಎಳೆದುಕೊಂಡು, ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ತಕ್ಷಣ ಮುಳಬಾಗಿಲಿಗೆ ಕರೆ ಮಾಡಿದೆ. ಇಲ್ಲಿ ಬೆಳಗಿನ ಎಂಟು, ಅಲ್ಲಿ ಹನ್ನೊಂದೂವರೆ. ಅಮ್ಮ ಕೇಳಿದ ಮೊದಲ ಮಾತು, "ಹಾಗಾದರೆ ಒಬ್ಬಟ್ಟಿಗೆ ಬೇಳೆ ಇಡಲೇನೋ?" ಸಂಜೆಯ ಹೊತ್ತಿಗೆ ನಮ್ಮ ಬೀದಿಯ ಆರೇಳು ಮನೆಗಳಿಗೆ ಒಬ್ಬಟ್ಟು ಹೋಗಿತ್ತು.

ಕೋಲಾರದ ಕಡೆ ಕನ್ನಡವೂ ತೆಲುಗೂ ಒಂದೇ ನಾಲಿಗೆಯ ಮೇಲೆ ಆಡುತ್ತವೆ. "ಬೋರ್ಲಾ ಪಡಿತೆ ಬೊಬ್ಬಟ್ಲು, ಅಡುಗುಲೇಸ್ತೆ ಅರಿಸೆಲು" ಎಂಬುದು ನಮ್ಮ ಅಜ್ಜಿಯಿಂದ ಅಮ್ಮನಿಗೆ ಬಂದ ಮಾತು. ಬೋರಲು ಬಿದ್ದರೆ ಒಬ್ಬಟ್ಟು, ಹೆಜ್ಜೆಯಿಟ್ಟರೆ ಕಜ್ಜಾಯ. ಈ ಮಾತನ್ನು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಅದರಲ್ಲಿ ತಿಂಗಳ ಲೆಕ್ಕವೇ ಇಲ್ಲ ಎಂಬುದು ಹೊಳೆದದ್ದು ಮಾತ್ರ ಜರ್ಮನಿಗೆ ಬಂದು ತಂದೆಯಾದ ಮೇಲೆ. ಮಗು ಬೋರಲು ಬಿತ್ತು, ಅಷ್ಟು ಸಾಕು. ಯಾವಾಗ ಬಿತ್ತು ಎಂದು ಒಬ್ಬಟ್ಟು ಕೇಳುವುದಿಲ್ಲ.

ಇಲ್ಲಿ ಪ್ರತಿ ಮಗುವಿಗೂ ಹಳದಿ ಬಣ್ಣದ ಒಂದು ಪುಸ್ತಿಕೆ ಕೊಡುತ್ತಾರೆ. ಹುಟ್ಟಿದ ದಿನದ ತಪಾಸಣೆಗೆ ಯು-1 ಎಂದು ಹೆಸರು. ಆರೇಳು ತಿಂಗಳಿಗೆ ಯು-5, ಹತ್ತರಿಂದ ಹನ್ನೆರಡು ತಿಂಗಳೊಳಗೆ ಯು-6. ಈ ಏರ್ಪಾಡಿನ ಬಗ್ಗೆ ನನಗೆ ಗೌರವವಿದೆ. ಕಿವಿ ಕೇಳದ ಮಗು, ಕಣ್ಣು ಕೂಡಿಸದ ಮಗು ಎಷ್ಟೋ ಬೇಗ ವೈದ್ಯರ ಕಣ್ಣಿಗೆ ಬೀಳುತ್ತದೆ. ನಮ್ಮ ಊರಿನ ತಾಯಿ ಕಾರ್ಡಿನಲ್ಲಿಯೂ ಬೆಳವಣಿಗೆಯ ಹಂತಗಳನ್ನು ಚಿತ್ರಸಮೇತ ಅಚ್ಚು ಹಾಕಿರುತ್ತಾರೆ; ಚುಚ್ಚುಮದ್ದಿನ ದಿನಾಂಕದ ಆಚೆಗೆ ಅದನ್ನು ತೆರೆದು ನೋಡುವ ಮನೆಗಳು ಕಡಿಮೆ. ನೋಡಬೇಕು. ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು "ನಿಧಾನಕ್ಕೆ ನಡೆಯುತ್ತದೆ ಬಿಡಿ" ಎನ್ನದೆ ವೈದ್ಯರಿಗೆ ತೋರಿಸಲೇಬೇಕು.

ಆದರೆ ಪುಸ್ತಿಕೆಯ ತಿಂಗಳುಗಳು ಮೆಲ್ಲಗೆ ನಮ್ಮ ಮನಸ್ಸಿನೊಳಗೂ ಇಳಿದುಬಿಡುತ್ತವೆ. ನಮ್ಮ ಮಗಳು ಅಂಬೆಗಾಲಿಡಲೇ ಇಲ್ಲ. ಹತ್ತನೆಯ ತಿಂಗಳಲ್ಲಿ ಕೂತಲ್ಲಿಂದಲೇ ಒಂದು ಕೈ ಊರಿ, ಒಂದು ಕಾಲು ಮಡಚಿ, ಕುಂಡಿಯ ಮೇಲೆ ಜರುಗುತ್ತಾ ಮನೆಯೆಲ್ಲ ಸುತ್ತತೊಡಗಿದಳು. ಮಕ್ಕಳ ಗುಂಪಿಗೆ ಕರೆದುಕೊಂಡು ಹೋದರೆ ಅವಳ ವಯಸ್ಸಿನವರೆಲ್ಲ ನಾಲ್ಕು ಕಾಲಿನ ಮೇಲೆ. ಆ ಗುಂಪಿಗೆ ಇಲ್ಲಿನವರು ಇಟ್ಟ ಹೆಸರೇ ಅಂಬೆಗಾಲು ಗುಂಪು. ಬೆಂಗಳೂರಿನ ನೆಂಟರು ಮೊಬೈಲಿನಲ್ಲಿ, "ಇನ್ನೂ ಇಲ್ಲವೇ? ನಮ್ಮವನು ಏಳಕ್ಕೇ ಶುರು ಮಾಡಿದ್ದ" ಎಂದರು. ನನ್ನ ಹೆಂಡತಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮಗಳು ಮಾತ್ರ ಸೋಫಾದಿಂದ ಅಡುಗೆಮನೆಯವರೆಗೆ ನಗುತ್ತಲೇ ಜರುಗುತ್ತಿದ್ದಳು, ಆ ನಗುವನ್ನು ನಾವು ಸರಿಯಾಗಿ ನೋಡಲಿಲ್ಲ. ಇದಕ್ಕಾಗಿ ನನಗೆ ಈಗಲೂ ಸಂಕಟವಾಗುತ್ತದೆ.

ಯು-6 ತಪಾಸಣೆಯಲ್ಲಿ ವೈದ್ಯೆ ಅವಳನ್ನು ಹತ್ತು ನಿಮಿಷ ಆಡಲು ಬಿಟ್ಟು ನೋಡಿದರು. ಕಾಲಿನ ಬಲ, ಸೊಂಟದ ಕೀಲು ಪರೀಕ್ಷಿಸಿದರು. ಆಮೇಲೆ, "ನಿಮ್ಮಿಬ್ಬರಲ್ಲಿ ಯಾರಾದರೂ ಹೀಗೆ ಜರುಗುತ್ತಿದ್ದಿರಾ?" ಎಂದು ಕೇಳಿದರು. ಎಷ್ಟೋ ಮನೆಗಳಲ್ಲಿ ಇದು ವಂಶದಲ್ಲಿಯೇ ಬರುತ್ತದಂತೆ, ಇಂಥ ಮಕ್ಕಳು ನಡೆಯುವುದು ತುಸು ತಡವಂತೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ, ಘಾನಾ, ಭಾರತ, ನಾರ್ವೆ, ಓಮನ್ ಮತ್ತು ಅಮೆರಿಕದ ಮಕ್ಕಳ ಅಧ್ಯಯನವನ್ನು ಆ ರಾತ್ರಿ ಕೂತು ಓದಿದೆ. ಶೇಕಡಾ 4.3ರಷ್ಟು ಮಕ್ಕಳು ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋಗಿದ್ದರು. ಯಾರ ಆಸರೆಯೂ ಇಲ್ಲದೆ ನಡೆಯುವುದಕ್ಕೆ ಅದರಲ್ಲಿ ಕೊಟ್ಟಿರುವ ಅವಧಿ 8.2 ತಿಂಗಳಿಂದ 17.6 ತಿಂಗಳವರೆಗೆ. ಎಷ್ಟು ಅಗಲವಾದ ಬಾಗಿಲು! ಅಮೆರಿಕದ ರೋಗ ನಿಯಂತ್ರಣ ಕೇಂದ್ರವಂತೂ 2022ರಲ್ಲಿ ಮಕ್ಕಳ ಬೆಳವಣಿಗೆಯ ಹಂತಗಳ ತನ್ನ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿತು.

ಮರುದಿನ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಫೋನಿನಲ್ಲಿ ಜೋರಾಗಿ ನಕ್ಕರು. "ನೀನೂ ಹಾಗೆಯೇ ಕಣೋ. ಕೆಂಪು ಗಾರೆ ನೆಲ ನಿನ್ನ ಚಡ್ಡಿಯಿಂದಲೇ ಹೊಳೆಯುತ್ತಿತ್ತು. ಮೊದಲೇ ಕೇಳಬಾರದಿತ್ತೇ?" ಎಂದರು. ಕೂತು ಜರುಗುವ ಮಗುವಿಗೆ ಯಾವ ಸಿಹಿ ಎಂದು ಆ ಹಳೆಯ ಮಾತಿನಲ್ಲಿ ಇಲ್ಲ. ಅಮ್ಮ ಕಡಲೆಬೀಜದ ಉಂಡೆ ಎಂದು ತಾವೇ ತೀರ್ಮಾನಿಸಿ ಅಂದೇ ಕಟ್ಟಿದರು.

ನಮ್ಮವರ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಸಂಭ್ರಮಿಸುವ ಆತುರದಲ್ಲಿ ಮಗುವನ್ನು ದಿಂಬು ಒತ್ತಿ ಕೂರಿಸುತ್ತೇವೆ, ಕಂಕುಳಲ್ಲಿ ಹಿಡಿದು ನಿಲ್ಲಿಸುತ್ತೇವೆ, ಗಾಲಿಯ ವಾಕರ್‌ನಲ್ಲಿ ತೂಗುಬಿಡುತ್ತೇವೆ. ಕೆನಡಾ 2004ರಲ್ಲಿಯೇ ಆ ವಾಕರ್‌ಗಳ ಮಾರಾಟವನ್ನು ನಿಷೇಧಿಸಿದೆ. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುವ ಮಕ್ಕಳು ಅಷ್ಟಿದ್ದರು. ಮಗು ತಾನಾಗಿ ಕೂರುವವರೆಗೆ ಕೂರಿಸಬೇಡಿ ಎಂದು ಇಲ್ಲಿನ ಸೂಲಗಿತ್ತಿ ಮನೆಗೆ ಬಂದು ಹೇಳಿದ್ದು ನನಗೆ ತುಂಬ ಹಿಡಿಸಿತು. ಕಾಯುವುದನ್ನು ಇವರಿಂದ ಕಲಿತೆ.

ಇನ್ನೊಂದು ವಿಷಯದಲ್ಲಿ ನನಗೆ ಸಿಟ್ಟೇ ಇದೆ. ಜರ್ಮನಿಯಲ್ಲಿ ತಂದೆ ತಾಯಿ ರಜೆ ಹಂಚಿಕೊಂಡರೆ ಇಬ್ಬರಿಗೂ ಸೇರಿ 14 ತಿಂಗಳ ಭತ್ಯೆ ಸಿಗುತ್ತದೆ. ನಾನು ನಾಲ್ಕು ತಿಂಗಳು ಮನೆಯಲ್ಲಿದ್ದೆ. ಮಗಳು ಬೋರಲು ಬಿದ್ದ ಆ ಬೆಳಗು ನನಗೆ ದಕ್ಕಿದ್ದು ಅದರಿಂದಲೇ. ನನ್ನ ತಮ್ಮ ನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಾನೆ. ಅವನ ಮಗ ಬೋರಲು ಬಿದ್ದದ್ದನ್ನು ಇಡೀ ಬೀದಿ ನೋಡಿತು, ಅವನು ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ನೋಡಿದ. ನಮ್ಮ ದೇಶದ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಹೆರಿಗೆಯಾದ ತಾಯಿಗೆ 26 ವಾರಗಳ ರಜೆ ಕೊಟ್ಟಿತು. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನ. ಖಾಸಗಿ ಕಾರ್ಖಾನೆಯ ತಂದೆಗೆ ಕಾನೂನು ಏನನ್ನೂ ಕೊಟ್ಟಿಲ್ಲ. ತಂದೆಗೆ ಮಗು ಬೇಡವೇ?

ಹದಿನೈದನೆಯ ತಿಂಗಳಲ್ಲಿ ಮಗಳನ್ನು ಊರಿಗೆ ಕರೆದುಕೊಂಡು ಹೋದೆವು. ಮೂರನೆಯ ದಿನ ಸಂಜೆ ಜಗಲಿಯ ಕಂಬ ಹಿಡಿದು ನಿಂತಿದ್ದವಳು ಕಂಬ ಬಿಟ್ಟು, ತೂರಾಡುತ್ತಾ ನಾಲ್ಕು ಹೆಜ್ಜೆಯಿಟ್ಟು ಅಮ್ಮನ ಸೆರಗಿನ ಮೇಲೆ ಬಿದ್ದಳು. ಅಮ್ಮ ಅಂದೇ ಅಕ್ಕಿ ನೆನೆಹಾಕಿದರು. ಅಕ್ಕಿ ಅರೆಹಸಿ ಇರುವಾಗಲೇ ಕುಟ್ಟಿ, ಬೆಲ್ಲದ ಪಾಕಕ್ಕೆ ಹಿಟ್ಟು ಕೂಡಿಸಿ, ಒಂದು ರಾತ್ರಿ ಬಿಟ್ಟು ಕರಿದರು. ಆರಿದ ಕಜ್ಜಾಯಗಳನ್ನು ಬಿಳಿ ಪಂಚೆಯ ಮೇಲೆ ಸಾಲಾಗಿ ಹರಡಿ, ಎರಡೂ ಕೈ ಹಿಡಿದು ಅವಳನ್ನು ಅದರ ಮೇಲೆ ನಡೆಸಿದರು. ಮೂರನೆಯದರ ಮೇಲೆ ಐದೂ ಬೆರಳು ಅಚ್ಚೊತ್ತಿದವು. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದ ತಮ್ಮ, ಸಮವಸ್ತ್ರದಲ್ಲಿಯೇ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು, "ಅಮ್ಮಾ, ಇನ್ನೊಂದು ಸಲ ನಡೆಸು" ಎಂದ.