ಎರಡು ಕನ್ನಡಕ, ಮೂವತ್ತು ಸೆಕೆಂಡು

ನಮ್ಮ ದೊಡ್ಡಪ್ಪನಿಗೆ 79. ಬಿಪಿ ಇದೆ, ಮಂಡಿನೋವಿದೆ, ಕಿವಿ ಸ್ವಲ್ಪ ಮಂದ. ಇಷ್ಟು ದಿನ ಇಷ್ಟೇ ಇತ್ತು. ಕಳೆದ ತಿಂಗಳಿಂದ ಆರೋಗ್ಯ ನೋಡಿಕೊಳ್ಳುವ ಒಂದು ಆಪ್ ಕೂಡ ಸೇರಿಕೊಂಡಿದೆ.

ದೂರದಲ್ಲಿರುವ ಮಗ ಬಂದಾಗ ಹಾಕಿಕೊಟ್ಟು ಹೋದದ್ದು. "ಹಿರಿಯರಿಗೋಸ್ಕರವೇ ಮಾಡಿರೋದು ಅಪ್ಪಾ, ತುಂಬಾ ಸುಲಭ" ಅಂದಿದ್ದ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಸುಲಭವಾಗಿಯೇ ಇತ್ತು. ಅವನಿಗೆ 41.

ಮೊದಲ ದಿನ ನಾನು ಪಕ್ಕದಲ್ಲೇ ಕೂತಿದ್ದೆ. ಆಪ್ ಮೊದಲು ಕೇಳಿದ್ದು ಹುಟ್ಟಿದ ದಿನಾಂಕ. ಅಂಕಿ ಬರೆಯಲು ಜಾಗವಿಲ್ಲ, ಚಕ್ರ ಉರುಳಿಸಬೇಕು. ಚಕ್ರ ಶುರುವಾಗುವುದು ಇವತ್ತಿನ ತಾರೀಕಿನಿಂದ. ಅಂದರೆ ಹಿರಿಯರಿಗೋಸ್ಕರವೇ ಮಾಡಿದ ಆಪ್, ಬಳಸುವವರು ಇವತ್ತು ಬೆಳಿಗ್ಗೆ ತಾನೇ ಹುಟ್ಟಿರಬಹುದು ಎಂದುಕೊಂಡು ಮಾತು ಆರಂಭಿಸುತ್ತದೆ. ದೊಡ್ಡಪ್ಪ ಬೆರಳು ಎಳೆದರು. ಚಕ್ರ ಅಲುಗಲಿಲ್ಲ. ಟಚ್ ಸ್ಕ್ರೀನಿಗೆ ಬೆರಳು ಇದೆ ಅಂತ ಗೊತ್ತಾಗಬೇಕಾದರೆ ಚರ್ಮದಲ್ಲಿ ಒಂದಿಷ್ಟು ಪಸೆ ಇರಬೇಕು, ಆಗಲೇ ಅದರೊಳಗಿನ ಸಣ್ಣ ವಿದ್ಯುತ್ತಿಗೆ ಬೆರಳಿನ ಸುಳಿವು ಸಿಗುವುದು. ವಯಸ್ಸಾದಂತೆ ಬೆರಳತುದಿ ಒಣಗುತ್ತದೆ. ಫೋನಿನ ಲೆಕ್ಕದಲ್ಲಿ ದೊಡ್ಡಪ್ಪ ಆ ಕ್ಷಣ ಕೋಣೆಯಲ್ಲೇ ಇರಲಿಲ್ಲ. ಅವರು ಪುಸ್ತಕದ ಹಾಳೆ ತಿರುವುವ ಹಾಗೆ ಬೆರಳನ್ನು ನಾಲಿಗೆಗೆ ತಾಗಿಸಿ ಇನ್ನೊಮ್ಮೆ ಎಳೆದರು. ಈ ಸಲ ಚಕ್ರ ಗಿರ್ರನೆ ಓಡಿ 1911ಕ್ಕೆ ಹೋಗಿ ನಿಂತಿತು.

"ಅರೆ, ನಮ್ಮಪ್ಪ ಹುಟ್ಟಿದ ವರ್ಷ!" ಎಂದು ದೊಡ್ಡಪ್ಪ ಖುಷಿಪಟ್ಟರು. ಆ ದಿನ ಆಪ್‌ನಿಂದ ಅವರಿಗೆ ಆದ ಉಪಯೋಗ ಅದೊಂದೇ.

ಮುಂದೆ ಓಟಿಪಿ. ದೊಡ್ಡಪ್ಪನಿಗೆ ಕನ್ನಡಕ ಎರಡು, ಓದಲು ಒಂದು, ಓಡಾಡಲು ಒಂದು. ಬೇಕಾದದ್ದು ಯಾವಾಗಲೂ ಆಚೆ ಕೋಣೆಯಲ್ಲಿರುತ್ತದೆ. ಹೋಗಿ ತರುವಷ್ಟರಲ್ಲಿ ಮೂವತ್ತು ಸೆಕೆಂಡು ಮುಗಿದಿರುತ್ತದೆ. ಮಂಡಿನೋವಿದೆ ಎಂದು ದಾಖಲಿಸಿಕೊಳ್ಳಬೇಕಾದ ಆಪ್‌ಗೋಸ್ಕರವೇ ಅವರು ಓಡಿಬರಬೇಕು. ಮೂರನೇ ಪ್ರಯತ್ನದಲ್ಲಿ ಗೆದ್ದ ಮೇಲೆ ಮುಖ ತೋರಿಸಿ ಅಂತ ಬಂತು. ಅದರ ಕೆಳಗೆ, ಬಿಳಿ ಹಿನ್ನೆಲೆಯ ಮೇಲೆ ತಿಳಿಬೂದು ಬಣ್ಣದ ಇರುವೆಯಂಥ ಅಕ್ಷರಗಳಲ್ಲಿ: "ಕನ್ನಡಕ ತೆಗೆದು ಮುಂದಿನ ಸೂಚನೆಗಳನ್ನು ಪಾಲಿಸಿ."

ಕನ್ನಡಕ ತೆಗೆದ ಮೇಲೆ ಸೂಚನೆ ಓದುವುದು ಯಾರು ಸ್ವಾಮಿ?

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಮಸುಕು ಬಣ್ಣಗಳ ನಡುವಿನ ವ್ಯತ್ಯಾಸ ಕಾಣುವುದು ಕಷ್ಟವಾಗುತ್ತದೆ. ಇದೇನು ಗುಟ್ಟಲ್ಲ. ಮಾಮೂಲಿ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟಾದರೂ ಅಂತರವಿರಲಿ ಎಂದು ವೆಬ್ ಮಾನದಂಡಗಳಲ್ಲಿ ಬರೆದಿಟ್ಟು ಎಷ್ಟೋ ವರ್ಷವಾಯಿತು. ಕಿವಿಯ ಕಥೆಯೂ ಅಷ್ಟೇ. ಮುಪ್ಪಿನಲ್ಲಿ ಮೊದಲು ಕೈಕೊಡುವುದು ಕೀಚಲು ಸದ್ದು ಕೇಳುವ ಶಕ್ತಿ. ಆದ್ದರಿಂದಲೇ ಇರಬೇಕು, ಮಾತ್ರೆ ನೆನಪಿಸುವ ಡಬ್ಬಿ ಕೀಚಲಾಗಿ ಕೂಗುತ್ತದೆ. ಅದು ದಿನಾ ರಾತ್ರಿ ಎಂಟಕ್ಕೆ ಕರೆಕ್ಟಾಗಿ ಕೂಗಿಕೊಂಡಾಗ ಓಡಿಬರುವುದು ಪಕ್ಕದ ಮನೆಯ ಆರು ವರ್ಷದ ಹುಡುಗಿ. "ತಾತಾ, ಮಾತ್ರೆ" ಅಂತಾಳೆ. ಆಪ್‌ನಲ್ಲಿ "ನೆನಪಿಸುವಿಕೆ ಯಶಸ್ವಿ" ಎಂದು ದಾಖಲಾಗುತ್ತದೆ.

ಇಷ್ಟಾದರೂ ಹಿರಿಯರಿಗೆ ತಂತ್ರಜ್ಞಾನ ಎಂದರೆ ಹಿಂಜರಿಕೆ ಅಂತ ವಿಚಾರಗೋಷ್ಠಿಗಳು ನಡೆಯುತ್ತವೆ. ತರಬೇತಿ ಕೊಡಬೇಕು ಅನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಮುದುಕರ ಮೇಲೆ ಬಿಡುವವರು ಒಮ್ಮೆ ಬಗ್ಗಿ ನೆಲವನ್ನೂ ನೋಡಲಿ. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿದೆ.

ಬಿಪಿ ನೋಡುವ ಕಥೆ ಕೇಳಿ. ಬಿಪಿ ಅಳೆಯುವ ಮುಂಚೆ ಐದು ನಿಮಿಷ ಸುಮ್ನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಮಟ್ಟಕ್ಕೆ, ಮಾತಾಡಬಾರದು. ಯಂತ್ರದ ಜೊತೆ ಬರುವ ಕೈಪಿಡಿಯಲ್ಲೇ ಇದೆ. ದೊಡ್ಡಪ್ಪ ಶಿಸ್ತಿನ ಮನುಷ್ಯ, ಹಾಗೇ ಕೂತರು. ಅಷ್ಟರಲ್ಲಿ ಆಪ್ ಅವರನ್ನು ಹೊರಗೆ ಹಾಕಿತ್ತು, ಸುರಕ್ಷತೆಗಾಗಿ. ಮತ್ತೆ ಪಾಸ್‌ವರ್ಡ್. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ವಿಶೇಷ ಚಿಹ್ನೆ. ಆಮೇಲೆ, ನೀವು ರೋಬೋಟ್ ಅಲ್ಲ ಎಂದು ಸಾಬೀತುಪಡಿಸಿ, ಟ್ರಾಫಿಕ್ ಸಿಗ್ನಲ್ ಇರುವ ಚೌಕಗಳನ್ನು ಒತ್ತಿ. ಕಂಬವೂ ಸಿಗ್ನಲ್ಲಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನಮ್ಮಿಬ್ಬರ ನಡುವೆ ಜೋರು ಚರ್ಚೆಯಾಯಿತು. ಕೊನೆಗೆ ಬಿಪಿ 168 ಬಂತು. "ನಿಮ್ಮ ರಕ್ತದೊತ್ತಡ ಜಾಸ್ತಿ ಇದೆ. ಒತ್ತಡ ಕಡಿಮೆ ಮಾಡಿಕೊಳ್ಳಿ" ಎಂದು ಆಪ್ ಬುದ್ಧಿ ಹೇಳಿತು. ಹೂವಿನ ಚಿತ್ರ ಬೇರೆ.

ರೋಬೋಟ್ ಅಲ್ಲ ಎಂದು ಇಷ್ಟು ಪಾಡುಪಟ್ಟು ಸಾಬೀತು ಮಾಡಿದ ಮೇಲೆ ಸಿಗುವುದೇನು ಗೊತ್ತಾ? ಜೊತೆಗಿರಲು ಒಂದು ರೋಬೋಟ್. ಜಪಾನಿನಲ್ಲಿ ಸೀಲ್ ಎಂಬ ಕಡಲಪ್ರಾಣಿಯ ಮರಿಯಂಥ, ಪಾರೊ ಹೆಸರಿನ ಬಿಳಿ ರೋಬೋಟ್ ಇದೆ, 2005ರಿಂದ ಮಾರಾಟದಲ್ಲಿದೆ. ಮುಟ್ಟಿದರೆ ಕಣ್ಣು ಮಿಟುಕಿಸುತ್ತದೆ. ಮರೆವಿನ ಕಾಯಿಲೆಯ ಕೆಲವರಿಗೆ ಅದರಿಂದ ಸಮಾಧಾನ ಸಿಗುತ್ತದೆ, ಅದನ್ನು ಗೇಲಿ ಮಾಡಲಾರೆ. ಆದರೆ ಅದಕ್ಕೆ ಓಟಿಪಿ ಬೇಡ, ಮೈ ಸವರಿದರೆ ಸಾಕು. ಈ ಒಂದು ವಿಷಯದಲ್ಲಿ ಸೀಲ್ ಮರಿ ನಮ್ಮ ಆಪ್‌ಗಿಂತ ಎಷ್ಟೋ ವಾಸಿ.

ಬಿದ್ದರೆ ತಿಳಿಸುವ ಗಡಿಯಾರವನ್ನೂ ಮಗ ಕಟ್ಟಿ ಹೋಗಿದ್ದಾನೆ. ದೊಡ್ಡಪ್ಪ ನಕ್ಕು ಮೇಜು ಕುಟ್ಟಿದರೆ "ಬಿದ್ದಿರಾ?" ಅಂತ ಕೇಳುತ್ತದೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಮಾತ್ರ ಏನೂ ಕೇಳುವುದಿಲ್ಲ. ಆಗ ಅದು ಚಾರ್ಜಿಗೆ ಹಾಕಿಸಿಕೊಂಡು ಮಲಗಿರುತ್ತದೆ. ಬಿದ್ದಾಗ ಒತ್ತಿ ಸಹಾಯಕ್ಕೆ ಕರೆಯಲು ಕುತ್ತಿಗೆಗೆ ಹಾಕಿಕೊಳ್ಳುವ ಗುಂಡಿಯೂ ಉಂಟು. ಬ್ರಿಟನ್ನಿನ ಕೇಂಬ್ರಿಡ್ಜ್‌ನಲ್ಲಿ 90 ದಾಟಿದವರ ಬಗ್ಗೆ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಗುಂಡಿ ಇದ್ದೂ, ಒಬ್ಬರೇ ಇದ್ದಾಗ ಬಿದ್ದು ಏಳಲಾಗದವರಲ್ಲಿ ಶೇ. 80 ಮಂದಿ ಅದನ್ನು ಒತ್ತಿರಲಿಲ್ಲ. ಕೆಲವರು ಹಾಕಿಕೊಂಡಿರಲಿಲ್ಲ. ಕೆಲವರಿಗೆ ತಾವೇ ಏಳಬೇಕೆಂಬ ಹಟ. ಇನ್ನು ಕೆಲವರಿಗೆ, ಸುಮ್ನೆ ಬೇರೆಯವರಿಗೆ ಯಾಕೆ ತೊಂದರೆ ಎಂಬ ಸಂಕೋಚ. ಈ ಸಂಕೋಚಕ್ಕೆ ಇನ್ನೂ ಯಾರೂ ಅಪ್‌ಡೇಟ್ ಬಿಟ್ಟಿಲ್ಲ.

ಅದೇ ಬ್ರಿಟನ್ನಿನಲ್ಲಿ ಒತ್ತಿದವರ ಪಾಡು ಇನ್ನೊಂದು. ಅಲ್ಲಿನ ಬಹಳಷ್ಟು ಗುಂಡಿಗಳು ಹಳೇ ತಾಮ್ರದ ತಂತಿಯ ಫೋನನ್ನು ನಂಬಿದ್ದವು. ಆ ತಂತಿ ತನ್ನ ವಿದ್ಯುತ್ತನ್ನು ತಾನೇ ಹೊತ್ತು ತರುತ್ತದೆ, ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಬದುಕಿರುತ್ತದೆ. ಅದನ್ನು ತೆಗೆದು ಡಿಜಿಟಲ್ ಮಾಡಲು ಹೊರಟರು. ಕೆಲವು ಗುಂಡಿಗಳು ಒತ್ತಿದರೂ ಕರೆ ಹೋಗಲಿಲ್ಲ. ಗಂಭೀರ ಘಟನೆಗಳಾದ ಮೇಲೆ 2023ರ ಡಿಸೆಂಬರಿನಲ್ಲಿ ಒಪ್ಪಿಗೆಯಿಲ್ಲದೆ ಬದಲಿಸುವ ಕೆಲಸಕ್ಕೆ ತಡೆ ಬಿತ್ತು, 2025ರ ಕೊನೆಗೆ ಇದ್ದ ಗಡುವು 2027ರ ಜನವರಿಗೆ ಹೋಯಿತು. ತಂತ್ರಜ್ಞಾನ ಮುಂದೆ ಹೋಯಿತು, ಹಳೆಯದನ್ನು ನೆಚ್ಚಿಕೊಂಡವರು ಹಿಂದೆ ಉಳಿದರು.

ಇವೆಲ್ಲ ಯಾರಿಗೋಸ್ಕರ ಅನ್ನುವ ಅನುಮಾನ ನನಗೆ ಮೊದಲಿಂದಲೂ ಇದೆ. ಜಪಾನಿನಲ್ಲೇ 2001ರಲ್ಲಿ ಐ-ಪಾಟ್ ಎಂಬ ಬಿಸಿನೀರಿನ ಪಾತ್ರೆ ಬಂತು. ಒಂಟಿ ಅಜ್ಜಿ ಅದರಿಂದ ನೀರು ಬಗ್ಗಿಸಿಕೊಂಡರೆ ದೂರದ ಮಕ್ಕಳಿಗೆ ಸಂದೇಶ ಹೋಗುತ್ತದೆ. ಅಜ್ಜಿ ಏನೂ ಕಲಿಯಬೇಕಿಲ್ಲ, ಎಷ್ಟು ಜಾಣ ಉಪಾಯ ನೋಡಿ. ಮಕ್ಕಳಿಗೆ ನೆಮ್ಮದಿ. ಅಜ್ಜಿಗೆ ಬಿಸಿನೀರು.

ನಮ್ಮ ದೊಡ್ಡಪ್ಪನ ಮನೆಯಲ್ಲಿ ಪಾತ್ರೆಯ ಬದಲು ಗೋಡೆಗೆ ಅಂಟಿಸಿದ ಸೆನ್ಸರ್‌ಗಳಿವೆ. ಎಷ್ಟಕ್ಕೆ ಏಳುತ್ತಾರೆ, ಎಲ್ಲಿ ಕೂರುತ್ತಾರೆ, ದಿನದ ಓಡಾಟ ಎಷ್ಟು ಎಂಬುದನ್ನು ನೋಡಿ ನೋಡಿ ಕಲಿತುಕೊಳ್ಳುತ್ತವೆ. ಅದಕ್ಕಿಂತ ಬೇರೆಯಾದರೆ ಮಗನಿಗೆ ಅಲರ್ಟ್. ಮೊದಲೆಲ್ಲ ಅವನು ದಿನಾ ಸಂಜೆ ಫೋನ್ ಮಾಡಿ "ಹೇಗಿದ್ದೀರಾ ಅಪ್ಪಾ" ಅಂತ ಕೇಳುತ್ತಿದ್ದ. ಈಗ ಕೇಳುವ ಅಗತ್ಯವಿಲ್ಲ, ಗ್ರಾಫ್ ಇದೆ.

ಮೊನ್ನೆ ಸಂಜೆ ನಾನು ಹೋಗಿ ಅರ್ಧ ಗಂಟೆ ಆಗಿತ್ತಷ್ಟೇ. ದೊಡ್ಡಪ್ಪನ ಫೋನ್ ಬಡಿದುಕೊಂಡಿತು. ಅವರು ಕನ್ನಡಕ ಹುಡುಕುವಷ್ಟರಲ್ಲಿ ನಾನೇ ಎತ್ತಿದೆ.

"ಏನಾಯ್ತು? ಮನೇಲಿ ಅಸಹಜ ಚಟುವಟಿಕೆ ಅಂತ ಅಲರ್ಟ್ ಬಂದಿದೆ! ಹಾಲ್‌ನಲ್ಲಿ ಎರಡು ಕಡೆ ಓಡಾಟ ತೋರಿಸ್ತಿದೆ! ಯಾರು ಮಾತಾಡ್ತಿರೋದು?"

"ನಾನು ಕಣೋ. ಸುಮ್ನೆ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ."

"ಓ, ಅಣ್ಣಾ ನೀನಾ?" ಅಂದ. ಅವನ ಉಸಿರು ಕೆಳಗಿಳಿದದ್ದು ಕೇಳಿಸಿತು. ಆಮೇಲೆ ಅಪ್ಪ ಮಗ ಇಬ್ಬರೂ ಹತ್ತು ನಿಮಿಷ ಮಾತಾಡಿದರು. ಮಂಡಿನೋವು, ಮಳೆ, ಮೊಮ್ಮಗಳ ಪರೀಕ್ಷೆ. ಫೋನ್ ಇಟ್ಟ ಮೇಲೆ ದೊಡ್ಡಪ್ಪನ ಮುಖ ಅರಳಿತ್ತು.

ನಾನು ಹೊರಡಲು ಎದ್ದೆ. ಅವರು ಕೈ ಹಿಡಿದು ಕೂರಿಸಿದರು.

"ಇನ್ನೂ ಸ್ವಲ್ಪ ಹೊತ್ತು ಇರು ಮಾರಾಯ. ಆ ಕೋಣೆಗೂ ಈ ಕೋಣೆಗೂ ನಾಲ್ಕು ಸಲ ಓಡಾಡು. ಇನ್ನೊಂದು ಅಲರ್ಟ್ ಹೋದ್ರೆ ಅವನು ಮತ್ತೆ ಫೋನ್ ಮಾಡ್ತಾನೆ."