ಆರಕ್ಕೆ ಸಭೆ, ನಂತರ ನಾಟಕ

ಬೆಂಗಳೂರಿನಲ್ಲಿ ಈ ವಾರ ಯಾವ್ಯಾವ ನಾಟಕ ಇದೆ ಅಂತ ತಿಳಿದುಕೊಳ್ಳುವುದು ಬಹಳ ಸುಲಭ. ವಾಟ್ಸಾಪ್ ತೆರೆದರೆ ಪೋಸ್ಟರುಗಳು ಸಾಲಾಗಿ ಬಂದು ಬಿದ್ದಿರುತ್ತವೆ. ಕಷ್ಟ ಇರೋದು ಪೋಸ್ಟರಿನೊಳಗೆ ನಾಟಕ ಎಲ್ಲಿದೆ ಅಂತ ಹುಡುಕೋದರಲ್ಲಿ. ಮೇಲೆ ತಂಡದ ಹೆಸರು, ಅದರ ಕೆಳಗೆ ಇಲಾಖೆಯ ಸಹಯೋಗ, ಆಮೇಲೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ, ಘನ ಉಪಸ್ಥಿತಿ. ಯಾರದು ಗೌರವ, ಯಾರದು ಘನ ಅಂತ ಹೇಗೆ ತೀರ್ಮಾನ ಮಾಡುತ್ತಾರೋ ನನಗಂತೂ ಗೊತ್ತಿಲ್ಲ, ತೂಕ ನೋಡಿಯೇ ಇರಬೇಕು. ಎಲ್ಲರಿಗೂ ದುಂಡನೆ ಚೌಕಟ್ಟಿನಲ್ಲಿ ಒಂದೊಂದು ಫೋಟೋ. ಇಷ್ಟನ್ನೂ ದಾಟಿ, ಎರಡು ಬೆರಳಿಟ್ಟು ಚಿತ್ರ ಹಿಗ್ಗಿಸಿದರೆ, ತಳದಲ್ಲಿ ಸಣ್ಣಕ್ಷರದಲ್ಲಿ ಸಿಗುತ್ತದೆ: ಸಂಜೆ 6ಕ್ಕೆ ಸಭಾ ಕಾರ್ಯಕ್ರಮ, ನಂತರ ನಾಟಕ.

ನಾಟಕದ ಹೆಸರೂ ಇರುತ್ತದೆ, ಇಲ್ಲ ಅನ್ನಬಾರದು. ಬರೆದವರ ಹೆಸರೂ ಕೆಲವೊಮ್ಮೆ ಇರುತ್ತದೆ. ನಟರ ಹೆಸರಿಗೆ ಜಾಗ ಸಾಲುವುದಿಲ್ಲ, ಪಾಪ. ಅಲ್ಲಿ ಸ್ವೀಟ್ಸ್ ಅಂಗಡಿಯ ಜಾಹೀರಾತು ಬಂದಿರುತ್ತದೆ.

ಹಾಗಾಗಿ ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ. ಸಭಾ ಕಾರ್ಯಕ್ರಮವನ್ನೇ ನಾಟಕ ಅಂದುಕೊಂಡು ನೋಡುತ್ತೇನೆ. ಸುಮ್ನೆ ಹೇಳುತ್ತಿಲ್ಲ, ಈ ಊರಿನಲ್ಲಿ ಇಷ್ಟು ಪ್ರದರ್ಶನ ಕಂಡ ಬೇರೆ ನಾಟಕ ಇಲ್ಲ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಅಲ್ಲೇ ಪಕ್ಕದ ನಯನ, ಹನುಮಂತನಗರದ ಕೆ.ಎಚ್. ಕಲಾಸೌಧ, ಮಲ್ಲತ್ತಹಳ್ಳಿಯ ಕಲಾಗ್ರಾಮ, ಎಲ್ಲಿಗೇ ಹೋಗಿ, ಅದೇ ಕಥೆ, ಅದೇ ಸಂಭಾಷಣೆ, ನಟರು ಮಾತ್ರ ಬೇರೆ. ರಿಹರ್ಸಲ್ ಇಲ್ಲ, ಮೇಕಪ್ ಇಲ್ಲ, ಮಾತು ಮರೆತವರನ್ನು ಇವತ್ತಿನವರೆಗೆ ನಾನು ನೋಡಿಲ್ಲ. ಮರೆತರೆ ಮೊದಲಿನಿಂದ ಶುರು ಮಾಡುತ್ತಾರೆ.

ಮೊದಲ ದೃಶ್ಯ, ಕಾಯುವುದು. ಉದ್ಘಾಟಕರು ಟ್ರಾಫಿಕ್‌ನಲ್ಲಿದ್ದಾರೆ. ಇನ್ನು ಹತ್ತೇ ನಿಮಿಷ. ಈ ಹತ್ತು ನಿಮಿಷ ಟೌನ್ ಹಾಲ್ ಸಿಗ್ನಲ್ಲಿಗಿಂತ ಉದ್ದ. ಅಷ್ಟು ಹೊತ್ತು ನಿರೂಪಕರು ಮೈಕು ಹಿಡಿದು ರಂಗಭೂಮಿಯ ಇತಿಹಾಸ ಹೇಳುತ್ತಾರೆ, ಭರತಮುನಿಯಿಂದ ಹಿಡಿದು ಟಿ.ಪಿ. ಕೈಲಾಸಂ ತನಕ ಬರುತ್ತಾರೆ, ಅಷ್ಟರಲ್ಲಿ ಯಾರೋ ಸನ್ನೆ ಮಾಡುತ್ತಾರೆ, ಸಾಹೇಬರ ಕಾರು ಇನ್ನೂ ಕಾರ್ಪೊರೇಷನ್ ಹತ್ತಿರ ಇದೆ ಅಂತ, ಮತ್ತೆ ವಾಪಸ್ ಭರತಮುನಿಗೆ ಹೋಗುತ್ತಾರೆ.

ಎರಡನೇ ದೃಶ್ಯ, ದೀಪ. ಇದು ನನಗೆ ಬಹಳ ಇಷ್ಟ. ಮೊದಲ ಕಡ್ಡಿ ಆರುತ್ತದೆ. ಎರಡನೆಯದೂ ಆರುತ್ತದೆ. ಯಾರೋ ಓಡಿ ಹೋಗಿ ಫ್ಯಾನ್ ಆಫ್ ಮಾಡುತ್ತಾರೆ. ಬತ್ತಿಗೆ ಎಣ್ಣೆಯೇ ಹತ್ತಿಲ್ಲ ಅಂತ ಆಮೇಲೆ ಗೊತ್ತಾಗುತ್ತದೆ. ಐದು ಬತ್ತಿ, ಒಂಬತ್ತು ಜನ. ಬತ್ತಿ ಸಿಗದವರು ಪಕ್ಕದವರ ಮೊಣಕೈ ಮುಟ್ಟಿಕೊಂಡು ಕ್ಯಾಮೆರಾ ನೋಡುತ್ತಾರೆ. ಹೊತ್ತಿದ ಮೇಲೆ ಫೋಟೋದವರು, 'ಸಾರ್, ಇನ್ನೊಂದ್ಸಲ' ಅನ್ನುತ್ತಾರೆ. ಹೊತ್ತಿದ ದೀಪವನ್ನೇ ಮತ್ತೆ ಹಚ್ಚುವುದು ಅಂದರೆ ಸಣ್ಣ ನಟನೆಯಲ್ಲ ಸ್ವಾಮಿ.

ಆಮೇಲೆ ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ. ಪ್ರಾರ್ಥನೆಯ ವಿಷಯದಲ್ಲಿ ಒಂದು ತಮಾಷೆ ಇದೆ. ಗಿರೀಶ ಕಾರ್ನಾಡರ ಹಯವದನ ನಾಟಕ ಶುರುವಾಗುವುದೇ ಗಣೇಶನ ಪೂಜೆಯಿಂದ, ಹಾಗಾಗಿ ಅವತ್ತು ಗಣಪನಿಗೆ ಡಬಲ್ ಡ್ಯೂಟಿ. ಅವರದೇ ತುಘಲಕ್ ಇದ್ದರೆ ಇನ್ನೂ ಚೆನ್ನ. ಆ ಸುಲ್ತಾನ ಪ್ರಾರ್ಥನೆಯನ್ನೇ ನಿಷೇಧ ಮಾಡಿದವನು. ಅವನು ಗಡ್ಡ ಅಂಟಿಸಿಕೊಂಡು ಸೈಡ್ ವಿಂಗ್‌ನಲ್ಲಿ ನಿಂತಿರುವಾಗಲೇ ಇಲ್ಲಿ ಮೂರು ಚರಣದ ಪ್ರಾರ್ಥನೆ ನಡೆಯುತ್ತಿರುತ್ತದೆ. ಏನೂ ಮಾಡಲಾಗದೆ ಕೈ ಕಟ್ಟಿ ನಿಂತಿರುತ್ತಾನೆ. ದೆಹಲಿಯಿಂದ ದೌಲತಾಬಾದಿಗೆ ರಾಜಧಾನಿಯನ್ನೇ ಎತ್ತಿಕೊಂಡು ಹೋದ ದೊರೆಗೆ ಒಬ್ಬ ಮುಖ್ಯ ಅತಿಥಿಯನ್ನು ಮೈಕಿನಿಂದ ಕುರ್ಚಿಗೆ ಸಾಗಿಸಲು ಆಗುವುದಿಲ್ಲ.

ನಾಡಗೀತೆ ಅಂದಾಗ ನೆನಪಾಯಿತು. 2022ರಲ್ಲಿ ಸರ್ಕಾರ ಒಂದು ಆದೇಶ ಮಾಡಿತಲ್ಲ, ನಾಡಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕು ಅಂತ. ಕುವೆಂಪು ಕವಿತೆಗೇ ಗಡಿಯಾರ ಇಟ್ಟ ನಾಡು ನಮ್ಮದು. ಆದರೆ ನಾಡಗೀತೆ ಮುಗಿದ ಮೇಲೆ ಕೂತು, ಭಾಷಣಕ್ಕೆ ಏಳುವವರಿಗೆ ಯಾವ ಆದೇಶವೂ ಇಲ್ಲ. ಅವರು ಯಾವ ಧಾಟಿಯಲ್ಲಿ ಬೇಕಾದರೂ ಹಾಡಬಹುದು.

ಹಾಡುವುದೂ ಒಂದೇ ಧಾಟಿ ಬಿಡಿ. ಮೈಕು ಮುಟ್ಟಿದ ಕೂಡಲೇ, 'ನಿಮಗೂ ನಾಟಕಕ್ಕೂ ಮಧ್ಯೆ ನಾನು ಜಾಸ್ತಿ ಹೊತ್ತು ನಿಲ್ಲೋದಿಲ್ಲ, ಎರಡೇ ಮಾತು.' ಅಲ್ಲಿಗೆ ಅರ್ಧ ಗಂಟೆ ಗ್ಯಾರಂಟಿ. ನಂತರ, ನಾನೂ ಕಾಲೇಜಿನಲ್ಲಿ ಬಣ್ಣ ಹಚ್ಚಿದವನೇ. ನಂತರ, ಟಿವಿ ಮೊಬೈಲು ಬಂದು ರಂಗಭೂಮಿ ನಶಿಸುತ್ತಿದೆ. ಇದನ್ನು ಹೇಳುವಾಗ ಅವರದೇ ಮೊಬೈಲು ಜೇಬಿನಲ್ಲಿ ಬಡಿದುಕೊಳ್ಳುತ್ತದೆ. ಕೊನೆಗೆ, ಜಗತ್ತೇ ಒಂದು ನಾಟಕರಂಗ, ನಾವೆಲ್ಲ ಪಾತ್ರಧಾರಿಗಳು. ಇದನ್ನು ಬರೆದವರು ಶೇಕ್ಸ್‌ಪಿಯರ್, ಆದರೆ ನಮ್ಮ ವೇದಿಕೆಗಳಲ್ಲಿ ಒಂದು ದಿನ ಬಸವಣ್ಣನವರ ಹೆಸರಿಗೆ, ಇನ್ನೊಂದು ದಿನ ಡಿವಿಜಿ ಹೆಸರಿಗೆ ಖಾತೆ ಆಗುತ್ತಿರುತ್ತದೆ. ರಂಗಭೂಮಿ ಉಳಿಯಬೇಕು, ಬೆಳೆಯಬೇಕು, ಎಲ್ಲರೂ ಕುಟುಂಬ ಸಮೇತ ನಾಟಕ ನೋಡಬೇಕು ಅಂತ ಕರೆ ಕೊಟ್ಟು, ಕೂಡಲೇ, 'ನನಗೆ ಇನ್ನೊಂದು ಕಾರ್ಯಕ್ರಮ ಇರೋದರಿಂದ ನಾಟಕ ನೋಡಲು ಆಗುತ್ತಿಲ್ಲ, ದಯವಿಟ್ಟು ಅನ್ಯಥಾ ಭಾವಿಸಬಾರದು' ಅಂತ ಹೊರಡುತ್ತಾರೆ. ಅವರ ಹಿಂದೆ ಅವರ ಜೊತೆ ಬಂದವರು, ಅವರ ಹಿಂದೆ ಫೋಟೋದವರು, ಅವರ ಹಿಂದೆ ಅವರನ್ನು ಕಾರಿನ ತನಕ ಬಿಡಲು ತಂಡದ ಕಾರ್ಯದರ್ಶಿ, ಖಜಾಂಚಿ, ಮತ್ತು ಎಷ್ಟೋ ಸಲ ಮೊದಲ ದೃಶ್ಯದಲ್ಲೇ ಬರಬೇಕಾದ ಸೇನಾಪತಿ.

ಹಿಂದೆ ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತರುತ್ತಿತ್ತು. ಜನ ಬೆರಗಾಗಿ ನೋಡುತ್ತಿದ್ದರು. ನನಗೆ ಬೆರಗಾಗೋದು ಇನ್ನೊಂದಕ್ಕೆ. ಆ ಆನೆ ಬಂದು, ಕೆಲಸ ಮುಗಿಸಿ, ವಾಪಸ್ ಹೋಗುತ್ತಿತ್ತು. ಎರಡು ಮಾತು ಆಡುತ್ತೇನೆ ಅನ್ನಲಿಲ್ಲ.

ಸನ್ಮಾನದ ದೃಶ್ಯಕ್ಕೆ ಪ್ರಾಪರ್ಟಿ, ಅಂದರೆ ರಂಗದ ಮೇಲೆ ಬಳಸುವ ಸಾಮಾನು, ಜಾಸ್ತಿ ಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ, ಸ್ಮರಣಿಕೆ. ಪೇಟ ಯಾವಾಗಲೂ ಒಂದು ಸೈಜು ದೊಡ್ಡದು ಇಲ್ಲವೇ ಒಂದು ಸೈಜು ಚಿಕ್ಕದು. ಹಣ್ಣಿನ ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆಯ ಪರಪರ ಸದ್ದು ಮೈಕಿನಲ್ಲಿ ಎಷ್ಟು ಚೆನ್ನಾಗಿ ಕೇಳುತ್ತದೆ ಅಂದರೆ, ಆಮೇಲೆ ನಾಯಕಿಯ ಮಾತೂ ಹಾಗೇ ಕೇಳಿದ್ದರೆ ಅಂತ ಕೊನೇ ಸಾಲಿನಲ್ಲಿ ಕೂತವರಿಗೆ ಅನಿಸುತ್ತದೆ.

ಒಂದು ಸಂಜೆ ನಡೆದದ್ದು ಹೇಳುತ್ತೇನೆ. ಐತಿಹಾಸಿಕ ನಾಟಕ. ಸೆಟ್ ಮೊದಲೇ ಕಟ್ಟಿಟ್ಟಿದ್ದರು. ಅದರ ಮುಂದೆ ಫ್ಲೆಕ್ಸ್ ಬ್ಯಾನರ್ ಇಳಿಬಿಟ್ಟು, ಬ್ಯಾನರಿನ ಮುಂದೆ ಮೇಜು, ಮೇಜಿಗೆ ಕುರ್ಚಿ. ವಂದನಾರ್ಪಣೆಯಲ್ಲಿ ಮೈಕ್‌ಸೆಟ್‌ನವರ ತನಕ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಮುಗಿಸಿದಾಗ ಹಾಲ್ ಬಿಟ್ಟುಕೊಡುವ ಹೊತ್ತು ಹತ್ತಿರ ಬಂದಿತ್ತು. ಇಬ್ಬರು ಹುಡುಗರು ಓಡಿ ಬಂದು ಕುರ್ಚಿ ಎತ್ತಿದರು, ಬ್ಯಾನರ್ ಕಿತ್ತರು, ಲೈಟು ಆರಿತು. ಲೈಟು ಬಂದಾಗ ಸಿಂಹಾಸನದ ಪಕ್ಕದಲ್ಲೇ ಅರ್ಧ ಕುಡಿದ ನೀರಿನ ಬಾಟಲಿ, ಮತ್ತು ಮಡಚಿ ನಿಲ್ಲಿಸಿದ ಒಂದು ಚೀಟಿ. ಚೀಟಿಯ ಮೇಲೆ ದಪ್ಪಕ್ಷರದಲ್ಲಿ 'ಅಧ್ಯಕ್ಷರು' ಅಂತ ಇತ್ತು. ರಾಜನ ಪಾತ್ರದ ಹುಡುಗ ಜಾಣ. ಮಾತು ಬಿಡದೆ ನಡೆದು ಬಂದು, ಬಗ್ಗಿ, ಬಾಟಲಿಯನ್ನು ನಿಲುವಂಗಿಯೊಳಗೆ ಸೇರಿಸಿಬಿಟ್ಟ. ಮುಂದಿನ ಇಡೀ ದೃಶ್ಯ ಸಾಮ್ರಾಜ್ಯದ ಚಿಂತೆ ಮಾಡುತ್ತಾ ಹೊಟ್ಟೆ ಹಿಡಿದುಕೊಂಡೇ ಓಡಾಡಿದ. ಚೀಟಿ ಮಾತ್ರ ಕೊನೇವರೆಗೂ ಅಲ್ಲೇ ಇತ್ತು, ಸಿಂಹಾಸನಕ್ಕೆ ಒಪ್ಪುವ ಹಾಗೆಯೇ ಇತ್ತು ಅನ್ನಿ. ಎರಡನೇ ಅಂಕದಲ್ಲಿ ಒಂದು ಯುದ್ಧ ಹಾರಿಸಿದರು. ಟೈಮ್ ಇರಲಿಲ್ಲ, ಸಂಧಿ ಮಾಡಿಕೊಂಡರು.

ಪೌರಾಣಿಕ ನಾಟಕದವರ ಬಗ್ಗೆ ನನಗೆ ಈ ವಿಷಯದಲ್ಲಿ ಗೌರವ ಇದೆ. ಬೆಂಗಳೂರು, ತುಮಕೂರು, ಮಂಡ್ಯ ಸೀಮೆಯ ಕುರುಕ್ಷೇತ್ರ ನೋಡಿದವರಿಗೆ ಗೊತ್ತು. ಅಲ್ಲಿ ಪಾತ್ರ ಬೇಕಾದವರು ದುಡ್ಡು ಕಟ್ಟುತ್ತಾರೆ. ದುರ್ಯೋಧನನಿಗೆ ಒಂದು ರೇಟು, ಕೃಷ್ಣನಿಗೆ ಒಂದು ರೇಟು, ಶಕುನಿಗೆ ಸ್ವಲ್ಪ ಕಮ್ಮಿ. ಕೇಳುವವರು ಜಾಸ್ತಿ ಆದರೆ ಕೃಷ್ಣನನ್ನೇ ಹಂಚುತ್ತಾರೆ, ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ. ನಡುವೆ ಯಾರೋ ಬಂದು ಭೀಮನಿಗೆ ಹಾರ ಹಾಕುತ್ತಾರೆ, ಭೀಮ ಗದೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ಮುಗಿಯುತ್ತಾನೆ, ಒನ್ಸ್ ಮೋರ್ ಬಿದ್ದರೆ ಅದೇ ಹಾಡನ್ನು ಮತ್ತೆ ಎತ್ತುತ್ತಾನೆ. ನಗಬಹುದು. ಆದರೆ ಅಲ್ಲಿ ರಂಗದ ಮೇಲೆ ನಿಂತವನು ತನ್ನ ದುಡ್ಡು ಹಾಕಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಬೈಸಿಕೊಂಡು ಕಂದ ಪದ್ಯ ಕಲಿತು ಬಂದವನು. ಮುಖ್ಯ ಅತಿಥಿಯ ಪಾತ್ರಕ್ಕೆ ಫೀಸೂ ಇಲ್ಲ, ಮೇಷ್ಟ್ರೂ ಇಲ್ಲ. ಅದಕ್ಕೂ ಒಂದು ರೇಟು ಕಟ್ಟಬೇಕು ಅನ್ನೋದು ನನ್ನ ನಮ್ರ ಸಲಹೆ. ಡಿಮ್ಯಾಂಡ್ ಜಾಸ್ತಿ ಇದ್ದರೆ ಒಂದನೇ ಅತಿಥಿ, ಎರಡನೇ ಅತಿಥಿ ಅಂತ ಹಂಚಿದರಾಯಿತು. ಈಗಲೂ ಹಂಚಿಯೇ ಇದ್ದಾರೆ, ದುಡ್ಡು ಮಾತ್ರ ಬರುತ್ತಿಲ್ಲ.

ಜನಕ್ಕೆ ತಾಳ್ಮೆ ಇಲ್ಲ, ಅದಕ್ಕೇ ನಾಟಕಕ್ಕೆ ಬರುವುದಿಲ್ಲ ಅಂತಲೂ ವೇದಿಕೆಯಿಂದ ಹೇಳುತ್ತಾರೆ. ಯಾರ ತಾಳ್ಮೆ ಸ್ವಾಮಿ? ಮಲೆಗಳಲ್ಲಿ ಮದುಮಗಳು ಕಾದಂಬರಿಯನ್ನು ಸಿ. ಬಸವಲಿಂಗಯ್ಯ ರಂಗಕ್ಕೆ ತಂದಾಗ ಅದು ಸುಮಾರು 9 ಗಂಟೆಯ ನಾಟಕ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, ಆಮೇಲೆ ಇಲ್ಲಿ ಕಲಾಗ್ರಾಮದಲ್ಲಿ. ಜನ ಸ್ವೆಟರ್ ಹಾಕಿಕೊಂಡು, ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗಿ ಕೂತು, ಬೆಳಗಿನ ತನಕ ನೋಡಿದರು. ರಾತ್ರಿಯಿಡೀ ಕೂರುವ ಜನ ಇಪ್ಪತ್ತು ನಿಮಿಷದ ಭಾಷಣಕ್ಕೆ ಹೊರಗೆ ಟೀ ಕುಡಿಯಲು ಹೋಗುತ್ತಾರೆ ಅಂದರೆ ತಪ್ಪು ಟೀಯದ್ದಂತೂ ಅಲ್ಲ. 1972ರಲ್ಲಿ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಬಿ.ವಿ. ಕಾರಂತರು ಈಡಿಪಸ್, ಸಂಕ್ರಾಂತಿ, ಜೋಕುಮಾರಸ್ವಾಮಿ ಮೂರನ್ನೂ ಆಡಿಸಿದರಲ್ಲ, ಆಗಲೂ ಜನ ಬಂದದ್ದು ನಾಟಕಕ್ಕೇ. ಅವತ್ತು ಯಾರು ಉದ್ಘಾಟನೆ ಮಾಡಿದರು ಅಂತ ಯಾರನ್ನಾದರೂ ಕೇಳಿ ನೋಡಿ.

ಜೆ.ಪಿ. ನಗರದ ರಂಗಶಂಕರದಲ್ಲಿ ಇನ್ನೊಂದು ರೀತಿಯ ಪ್ರಹಸನ. 2004ರಿಂದ ಅಲ್ಲಿ ಒಂದು ಹುಚ್ಚು ನಿಯಮ, ಹೇಳಿದ ಹೊತ್ತಿಗೆ ನಾಟಕ ಶುರು ಮಾಡುವುದು. ಬಾಗಿಲು ಹಾಕಿದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಬಂದವರು ಮೊದಲು ಬೇಡುತ್ತಾರೆ, ಆಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕನ್ನು ಸಾಕ್ಷಿಗೆ ಕರೆಯುತ್ತಾರೆ, ಕೊನೆಗೆ, 'ಇದೇನ್ರೀ ದುರಹಂಕಾರ, ಎರಡೇ ನಿಮಿಷ ಲೇಟು' ಅಂತ ಜಗಳಕ್ಕೆ ನಿಲ್ಲುತ್ತಾರೆ. ಅವರ ಕೋಪ ನನಗೆ ಅರ್ಥವಾಗುತ್ತದೆ. ಉಳಿದ ಕಡೆಯೆಲ್ಲ ಒಂದೂವರೆ ಗಂಟೆ ತಡವಾಗಿ ಹೋದರೂ ವಂದನಾರ್ಪಣೆ ಸಿಗುವ ಊರಿನಲ್ಲಿ ಹೀಗೆ ಮಾಡಿದರೆ ಅಭ್ಯಾಸ ಕೆಡುವುದಿಲ್ಲವೇ?

ಇಷ್ಟೆಲ್ಲ ಬೈದು, ತಂಡದವರಿಗೆ ಬುದ್ಧಿ ಇಲ್ಲ ಅಂದುಕೊಂಡರೆ ತಪ್ಪಾಗುತ್ತದೆ. ಅವರ ಲೆಕ್ಕ ಪಕ್ಕಾ. ಟಿಕೆಟ್ ಇಟ್ಟರೆ ನೂರು ರೂಪಾಯಿಗೆ ನೂರು ಪ್ರಶ್ನೆ ಕೇಳುತ್ತಾರೆ, 'ಪಾಸ್ ಇಲ್ವಾ?' ಅನ್ನೋದು ಮೊದಲನೆಯದು. ಮಲ್ಟಿಪ್ಲೆಕ್ಸಿನಲ್ಲಿ ಪಾಪ್‌ಕಾರ್ನ್‌ಗೆ ಕೇಳಿದಷ್ಟು ಕೊಟ್ಟು ಬರುವ ಸ್ನೇಹಿತರೂ ನಾಟಕಕ್ಕೆ ಪಾಸೇ ಬೇಕು ಅನ್ನುತ್ತಾರೆ. ಹಾಲ್ ಬಾಡಿಗೆ, ಲೈಟು, ಸೆಟ್ಟು, ಮೇಕಪ್ಪು, ರಿಹರ್ಸಲ್ ಟೈಮಿನ ಕಾಫಿ ತಿಂಡಿ, ಎಲ್ಲ ಯಾರು ಕೊಡುತ್ತಾರೆ? ಕೊಡುವವರು ವೇದಿಕೆ ಮೇಲೆ ಕೂರಬೇಕು. ಇಲಾಖೆಯ ಅನುದಾನ ಬರಬೇಕಾದರೆ ಬ್ಯಾನರ್ ಕಾಣುವ ಹಾಗೆ ಫೋಟೋ ಬೇಕು, ಫೋಟೋದಲ್ಲಿ ಗಣ್ಯರು ಬೇಕು. ಇನ್ನು ಸನ್ಮಾನ. ಒಬ್ಬರಿಗೆ ಶಾಲು ಹೊದಿಸಿದರೆ ಅವರ ಮನೆಯವರು, ಬೀಗರು, ವಾಕಿಂಗ್ ಗೆಳೆಯರು ಎಲ್ಲ ಸೇರಿ ಒಂದು ಸಾಲು ತುಂಬುತ್ತದೆ. ಐದು ಶಾಲಿಗೆ ಐದು ಸಾಲು. ಶಾಲು ಹೊದ್ದವರು ಇಳಿದ ಮೇಲೆ ಆ ಸಾಲೂ ಎದ್ದು ಹೋಗುತ್ತದೆ ಅನ್ನುವುದು ಬೇರೆ ಮಾತು. ಅಷ್ಟರಲ್ಲಿ ಫೋಟೋ ಆಗಿರುತ್ತದೆ.

ಮಾರ್ಚ್ 27, ವಿಶ್ವ ರಂಗಭೂಮಿ ದಿನದಂದು ಇದು ತುದಿ ಮುಟ್ಟುತ್ತದೆ. ಅವತ್ತು ಆ ದಿನಕ್ಕೆಂದೇ ಪ್ರತಿ ವರ್ಷ ರಂಗಕರ್ಮಿಯೊಬ್ಬರು ಬರೆಯುವ ಸಂದೇಶ ಓದಬೇಕು, ಸಂದೇಶದ ಬಗ್ಗೆ ಮಾತಾಡಬೇಕು, ಪ್ರಶಸ್ತಿ ಕೊಡಬೇಕು, ರಂಗಭೂಮಿಯ ಸ್ಥಿತಿಗತಿ ಕುರಿತು ಗೋಷ್ಠಿ ಆಗಬೇಕು. ನಾಟಕ ಆಡಲು ಹೊತ್ತೆಲ್ಲಿ?

ಮೊನ್ನೆ ಪರಿಚಯದ ಒಬ್ಬ ಕಾರ್ಯದರ್ಶಿಗೆ ಫೋನು ಮಾಡಿ ಹೇಳಿದೆ, 'ನಾಟಕ ಮೊದಲು ಮುಗಿಸಿ, ಭಾಷಣ ಆಮೇಲೆ ಇಟ್ಕೊಳ್ಳಿ ಸಾರ್, ಇಷ್ಟ ಇದ್ದವರು ಕೂತು ಕೇಳ್ತಾರೆ.'

'ಒಂದ್ಸಲ ಮಾಡಿದ್ವಿ. ಕೊನೆಗೆ ಉಳಿದದ್ದು ಅಧ್ಯಕ್ಷರು ಮತ್ತು ವಾಚ್‌ಮನ್.'

'ಹಾಗಾದರೆ ಒಬ್ಬೊಬ್ಬರಿಗೆ ಎರಡೂವರೆ ನಿಮಿಷ ಅಂತ ಮಾಡಿ. ನಾಡಗೀತೆ ಲೆಕ್ಕ.'

'ಅಷ್ಟರಲ್ಲಿ ವೇದಿಕೆ ಮೇಲಿನ ಗಣ್ಯರ ಹೆಸರು ಹೇಳೋದೇ ಮುಗಿಯಲ್ಲ ಸಾರ್.' ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದಿರಲಿ, ಮುಂದಿನ ತಿಂಗಳು ನಮ್ಮ ಹೊಸ ಪ್ರಯೋಗ ಇದೆ, ತಪ್ಪದೆ ಬರಬೇಕು' ಅಂದರು.

'ಯಾವ ನಾಟಕ?'

'ಅದನ್ನ ಇನ್ನೂ ಕೂತು ಮಾತಾಡಬೇಕು. ಉದ್ಘಾಟಕರು ಫೈನಲ್ ಆಗಿದ್ದಾರೆ.'