ಕ್ಯಾಮೆರಾ ಎದೆಗೆ ಕಟ್ಟಿ, ತಲೆಯ ಮೇಲೆ ಬೇಡ

ಬೆಟ್ಟದ ಸೈಕಲ್ ಸವಾರಿಯ ವಿಡಿಯೊ ಮಾಡುವುದು ನನಗೂ ಇಷ್ಟ, ಬೇರೆಯವರು ಮಾಡಿದ್ದನ್ನು ನೋಡುವುದೂ ಇಷ್ಟ. ಆದರೆ ಆ್ಯಕ್ಷನ್ ಕ್ಯಾಮೆರಾವನ್ನು ಹೆಲ್ಮೆಟ್ ಮೇಲೆ ಕೂರಿಸುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎದೆಗೆ ಕಟ್ಟಿಕೊಳ್ಳಿ.

ಹೆಲ್ಮೆಟ್‌ನ ಹೊರಮೈ ಗುಂಡಗೆ, ನುಣ್ಣಗೆ ಇರುವುದು ಬರೀ ಚೆಂದಕ್ಕಲ್ಲ. ಬಿದ್ದಾಗ ತಲೆ ನೆಲದ ಮೇಲೆ ಜಾರಬೇಕು, ಎಲ್ಲೂ ಸಿಕ್ಕಿಕೊಳ್ಳಬಾರದು. ಒಳಗಿನ ಥರ್ಮಾಕೋಲ್‌ನಂಥ ಪದರ ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಅದರ ನೆತ್ತಿಯ ಮೇಲೆ ಸುಮಾರು 150 ಗ್ರಾಂ ತೂಕದ ಗಟ್ಟಿ ಡಬ್ಬಿ ಇದ್ದರೆ? ಅದು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ತಲೆ ಗಿರಕ್ಕನೆ ತಿರುಗುತ್ತದೆ, ಕುತ್ತಿಗೆಯೂ ಜೊತೆಗೆ. ಮೆದುಳಿಗೆ ನೇರ ಪೆಟ್ಟು ಮಾತ್ರ ಅಪಾಯ ಅಲ್ಲ, ಹೀಗೆ ತಿರುಚುವ ಪೆಟ್ಟೂ ಅಪಾಯವೇ. ಮಿಪ್ಸ್ ಅನ್ನುವ, ಒಳಗೆ ಜಾರುವ ತೆಳು ಪದರ ಇರುವ ಹೆಲ್ಮೆಟ್‌ಗೆ ಜನ ಜಾಸ್ತಿ ದುಡ್ಡು ಕೊಡುವುದೇ ಇದಕ್ಕಾಗಿ. ಪೆಟ್ಟು ಬಿದ್ದಾಗ ಹೆಲ್ಮೆಟ್ ತಲೆಯ ಮೇಲೆ 10–15 ಮಿಲಿಮೀಟರ್ ಜಾರಿ, ಆ ತಿರುಚುವಿಕೆ ಕಡಿಮೆಯಾಗಲಿ ಅಂತ. ಅಂಥ ಹೆಲ್ಮೆಟ್ ಮೇಲೆಯೇ ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳುವ ಡಬ್ಬಿ ಯಾಕೆ?

ಯುರೋಪಿನ ಇಎನ್ 1078 ಮಾನದಂಡದಲ್ಲಿ ಹೆಲ್ಮೆಟ್ಟನ್ನು ತಲೆಯಾಕಾರದ ಅಚ್ಚಿಗೆ ತೊಡಿಸಿ, ಸೆಕೆಂಡಿಗೆ 5.42 ಮೀಟರ್ ವೇಗದಲ್ಲಿ ಚಪ್ಪಟೆ ಉಕ್ಕಿನ ಮೇಲೆ ಬೀಳಿಸುತ್ತಾರೆ. ಅಂದರೆ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ಹಾಗೆ. ಪಾಸಾಗುವುದು ಬರೀ ಹೆಲ್ಮೆಟ್. ನಾವು ಆಮೇಲೆ ಅಂಟಿಸಿದ ಕ್ಯಾಮೆರಾಕ್ಕೂ ಆ ಪರೀಕ್ಷೆಗೂ ಸಂಬಂಧವಿಲ್ಲ.

ಬಿದ್ದರೆ ಮೌಂಟ್, ಅಂದರೆ ಕ್ಯಾಮೆರಾ ಕೂರಿಸಲು ಹೆಲ್ಮೆಟ್‌ಗೆ ಅಂಟಿಸುವ ಹಿಡಿಕೆ, ಕಿತ್ತು ಹೋಗುತ್ತದೆ ಬಿಡಿ ಅನ್ನುವವರಿದ್ದಾರೆ. ಹೋಗಬಹುದು. ಎಷ್ಟು ಎಳೆದರೆ ಹೋಗುತ್ತದೆ, ಯಾವ ದಿಕ್ಕಿನಿಂದ ಎಳೆದರೆ ಹೋಗುತ್ತದೆ? ಯಾರಿಗೂ ಗೊತ್ತಿಲ್ಲ ಅಲ್ವಾ? ಅದೂ ಅಲ್ಲದೆ ತಗ್ಗಿದ ಕೊಂಬೆಯ ಕೆಳಗೆ ನುಗ್ಗುವಾಗ ನಾವು ಬಗ್ಗುವುದು ನಮ್ಮ ತಲೆಯ ಅಳತೆಗೆ, ಕ್ಯಾಮೆರಾದ ಅಳತೆಗಲ್ಲ.

ಸರಿ, ವಿಡಿಯೊನಾದರೂ ಚೆನ್ನಾಗಿ ಬರುತ್ತದಾ? ನನಗೆ ಹಾಗನಿಸುವುದಿಲ್ಲ. ತಲೆಯ ಮೇಲಿನ ಕ್ಯಾಮೆರಾಕ್ಕೆ ದಾರಿ ಕಾಣುತ್ತದೆ, ಸೈಕಲ್ ಹೆಚ್ಚಾಗಿ ಕಾಣುವುದಿಲ್ಲ. ಅಗಲ ಕೋನದ ಲೆನ್ಸ್ ಇಳಿಜಾರನ್ನು ಚಪ್ಪಟೆ ಮಾಡುತ್ತದೆ. ಸ್ಟೆಬಿಲೈಸೇಶನ್ ಕುಲುಕಾಟವನ್ನೆಲ್ಲ ಅಳಿಸಿಬಿಡುತ್ತದೆ. ಎದೆ ನಡುಗಿಸಿದ ಇಳಿತ ಸ್ಕ್ರೀನ್ ಮೇಲೆ ಪಾರ್ಕಿನ ಕಾಲುದಾರಿಯಂತೆ ಕಾಣುತ್ತದೆ. ಸಾಲದ್ದಕ್ಕೆ ನಾವು ಅತ್ತಿತ್ತ ನೋಡಿದಾಗಲೆಲ್ಲ ಚಿತ್ರವೂ ತಿರುಗಿ, ನೋಡುವವರಿಗೆ ತಲೆಸುತ್ತು.

ಎದೆಯ ಹತ್ತಿರ ಇಟ್ಟರೆ ಕಥೆಯೇ ಬೇರೆ. ಕಲ್ಲು ತುಂಬಿದ ಇಳಿತಕ್ಕೆ ಬಂದಾಗ ಬ್ರೇಕ್ ಲಿವರ್ ಮೇಲೆ ಒಂದೊಂದೇ ಬೆರಳು ಇರುವುದು ಕಾಣುತ್ತದೆ. ಮುಂದಿನ ಚಕ್ರ ಅಂಚು ದಾಟುತ್ತಿದ್ದಂತೆ ಹ್ಯಾಂಡಲ್ ಕೆಳಗೆ ಹೋಗುತ್ತದೆ, ಮಡಚಿದ್ದ ಮೊಣಕೈ ನೆಟ್ಟಗಾಗುತ್ತದೆ. ಇಳಿಜಾರು ಎಷ್ಟು ಕಡಿದು ಅನ್ನುವುದು ಆ ಕೈಗಳಿಂದಲೇ ಗೊತ್ತಾಗುತ್ತದೆ. ತಪ್ಪು ಎಲ್ಲಾಯಿತು, ಬ್ರೇಕ್ ಬೇಗ ಹಿಡಿದೆವಾ ತಡವಾಗಿ ಹಿಡಿದೆವಾ ಅಂತ ಆಮೇಲೆ ಕೂತು ನೋಡಿ ಕಲಿಯುವುದಕ್ಕೂ ಇದೇ ಒಳ್ಳೆಯದು.

ಎದೆಪಟ್ಟಿಗೂ ತೊಂದರೆ ಇಲ್ಲದಿಲ್ಲ. ಮುಂದಕ್ಕೆ ಬಾಗಿದಾಗ ಬರೀ ನೆಲ, ಮುಂದಿನ ಚಕ್ರ ಅಷ್ಟೇ ಸಿಗುತ್ತದೆ. ಸೈಕಲ್ ಮೇಲೆ ಕೂತು, ಇಳಿಯುವಾಗ ಹೇಗೆ ಬಾಗುತ್ತೀರೋ ಹಾಗೇ ಬಾಗಿ, ಆಮೇಲೆ ಕ್ಯಾಮೆರಾದ ಮುಖ ಮೇಲೆತ್ತಿ. ಸುಮ್ನೆ ನಿಂತುಕೊಂಡು ಹೊಂದಿಸಿದರೆ ಲೆಕ್ಕ ತಪ್ಪುತ್ತದೆ. ಪಟ್ಟಿ ಬಿಗಿಯಾಗಿರಲಿ, ಆದರೆ ಆಳವಾಗಿ ಉಸಿರು ತೆಗೆಯಲು ಆಗಬೇಕು.

ಇಡೀ ಸವಾರಿ ರೆಕಾರ್ಡ್ ಮಾಡಲೇಬೇಡಿ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ 4ಕೆ ವಿಡಿಯೊ ಗಂಟೆಗೆ 45 ಜಿಬಿ ತಿನ್ನುತ್ತದೆ. ಏರುವಾಗ ಆಫ್ ಮಾಡಿ, ಇಳಿಯುವಾಗ ಆನ್ ಮಾಡಿ. ಮೇಲೆ ಚಳಿ ಇದ್ದರೆ ಬ್ಯಾಟರಿ ಬೇಗ ಕೈಕೊಡುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ.

ಈಗಾಗಲೇ ಹೆಲ್ಮೆಟ್ ಮೇಲೆ ಮೌಂಟ್ ಅಂಟಿಸಿದವರಿಗೆ ಒಂದು ಮಾತು. ಕೀಳುವಾಗ ಪೆಟ್ರೋಲ್, ಥಿನ್ನರ್ ಹಾಕಬೇಡಿ. ಹೊರಚಿಪ್ಪು, ಒಳಗಿನ ಫೋಮ್ ಎರಡೂ ಹಾಳಾಗುತ್ತವೆ. ಜಾಸ್ತಿ ಬಿಸಿಯೂ ತಾಗಿಸಬೇಡಿ. ಗಟ್ಟಿ ನೈಲಾನ್ ದಾರವನ್ನು ಅಂಟಿನ ಅಡಿಗೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದ ಥರ ಅತ್ತಿತ್ತ ನಿಧಾನವಾಗಿ ಎಳೆಯಿರಿ. ಬಿಟ್ಟುಕೊಳ್ಳುತ್ತದೆ.